ಊರಿನ ತಲೆಲೆಕ್ಕ, ಮನೆಯ ದುಡಿಮೆಲೆಕ್ಕ: ಎರಡನ್ನೂ ನೀವೇ ಹಿಡಿಯುವ ಬಗೆ

ಪದವಿ ಓದುವ ಹುಡುಗರು ಕಿರು ಯೋಜನೆಯ ಫೈಲು ಹಿಡಿದು ನನ್ನ ಬಳಿ ಬರುತ್ತಾರೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ನಮ್ಮ ಊರಿನ ಜನಸಂಖ್ಯೆ ಎಷ್ಟು ಏರಿದೆ, ಆದಾಯ ಎಷ್ಟು ಏರಿದೆ, ಎಲ್ಲಿ ಸಿಗುತ್ತದೆ ಸರ್? ಮೊಬೈಲ್‌ನಲ್ಲಿ ಸಿಕ್ಕ ಒಂದು ಸಂಖ್ಯೆಯನ್ನು ಬರೆದುಕೊಂಡೇ ಬಂದಿರುತ್ತಾರೆ. ಅದರ ಪಕ್ಕದಲ್ಲಿ ಬರೆಯಲು ಇನ್ನೊಂದು ಸಂಖ್ಯೆ ಬೇಕು, ಅಷ್ಟೆ. ನಾನು ಕುಷ್ಟಗಿ ತಾಲ್ಲೂಕಿನ ಶಾಲೆಗಳಲ್ಲಿ ಮೇಷ್ಟ್ರಾಗಿದ್ದವನು. 2001ರಲ್ಲೂ 2011ರಲ್ಲೂ ಜನಗಣತಿಯ ನಮೂನೆ ಹಿಡಿದು ಮನೆ ಮನೆ ಸುತ್ತಿದವನು. ಆದ್ದರಿಂದ ಮೊದಲು ಅವರ ಕೈಯಿಂದ ಪೆನ್ನು ಕೆಳಗಿಡಿಸುತ್ತೇನೆ. ಯಾವ ಗಡಿಯೊಳಗೆ ಎಣಿಸಿದರು, ಯಾವ ತಿಂಗಳಲ್ಲಿ ಎಣಿಸಿದರು, ಯಾರನ್ನು ಎಣಿಸಿದರು ಎಂಬುದು ಗೊತ್ತಾಗದೆ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಡಬಾರದು.

ಗಡಿಯ ಕೆಲಸ ಬೇಸರದ್ದು, ಬೇಗ ಮುಗಿಸಿಬಿಡಿ. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ. ಹಾಗಾಗಿ 1991ರ ನಿಮ್ಮ ಊರು ರಾಯಚೂರು ಜಿಲ್ಲೆಯ ಪುಸ್ತಕದಲ್ಲಿರುತ್ತದೆ. 2018ರಲ್ಲಿ ಯಲಬುರ್ಗಾದಿಂದ ಕುಕನೂರು, ಗಂಗಾವತಿಯಿಂದ ಕಾರಟಗಿ ಮತ್ತು ಕನಕಗಿರಿ ತಾಲ್ಲೂಕುಗಳಾದವು. 2011ರ ಗಂಗಾವತಿ ತಾಲ್ಲೂಕಿನ ಸಂಖ್ಯೆಯನ್ನು ಇಂದಿನ ಗಂಗಾವತಿಯ ಜೊತೆ ಹೋಲಿಸಿದರೆ ಜನ ಊರು ಬಿಟ್ಟು ಓಡಿಹೋದಂತೆ ಕಾಣುತ್ತದೆ. ಬಳ್ಳಾರಿಯವರ ಪಾಡು ಇನ್ನೂ ಕಷ್ಟ. 2011ರ ಬಳ್ಳಾರಿ ಜಿಲ್ಲೆಯ 24,52,595 ಜನರಲ್ಲಿ ಹೊಸಪೇಟೆ, ಹಡಗಲಿ, ಕೂಡ್ಲಿಗಿಯವರು ಸೇರಿದ್ದಾರೆ. ಅವರೆಲ್ಲ 2021ರಿಂದ ವಿಜಯನಗರ ಜಿಲ್ಲೆಯವರು. ಇಂದು ವಿಜಯನಗರದಲ್ಲಿರುವ ಹರಪನಹಳ್ಳಿ ಮಾತ್ರ ಆ ಲೆಕ್ಕದಲ್ಲಿಲ್ಲ, ಏಕೆಂದರೆ ಆಗ ಅದು ದಾವಣಗೆರೆಯಲ್ಲಿತ್ತು. ಜಿಲ್ಲೆ, ತಾಲ್ಲೂಕುಗಳ ಮೊತ್ತವನ್ನು ನಂಬಿ ಕೂರದೆ ಹಳ್ಳಿ ಹಳ್ಳಿಯ ಸಂಖ್ಯೆ ತೆಗೆದು ಇಂದಿನ ಗಡಿಗೆ ತಕ್ಕಂತೆ ನೀವೇ ಕೂಡಿಸಿ.

ಹಳ್ಳಿಯ ಮಟ್ಟದಲ್ಲಿ ಕೈ ಹಿಡಿಯುವುದು ಜಿಲ್ಲಾ ಜನಗಣತಿ ಕೈಪಿಡಿ. ಜನಗಣತಿ ಇಲಾಖೆಯ ಜಾಲತಾಣದಲ್ಲಿ ಹಣ ಕೊಡದೆ ಇಳಿಸಿಕೊಳ್ಳಬಹುದು. ಒಂದು ಭಾಗದಲ್ಲಿ ಊರಿನ ಸೌಲಭ್ಯಗಳು, ಶಾಲೆ, ನೀರು, ರಸ್ತೆ, ನೀರಾವರಿಯಾದ ಭೂಮಿ. ಇನ್ನೊಂದರಲ್ಲಿ ಜನರ ಲೆಕ್ಕ. ಊರಿನ ಹೆಸರಿನಿಂದ ಹುಡುಕಬೇಡಿ, ಹನುಮಸಾಗರ, ಹನುಮನಾಳ, ಹನುಮಾಪುರ ಎಂದು ಕಣ್ಣು ತಪ್ಪುತ್ತದೆ. ಪ್ರತಿ ಹಳ್ಳಿಗೂ ಜನಗಣತಿಯ ಸಂಕೇತ ಸಂಖ್ಯೆ ಇದೆ, ಅದನ್ನು ಹಿಡಿದು ಹುಡುಕಿ. ನಿಮ್ಮ ಊರಿಗೆ ಸೇರಿದ ತಾಂಡಾ, ಹಟ್ಟಿ, ಕ್ಯಾಂಪುಗಳು ಆಗ ಮೂಲ ಗ್ರಾಮದ ಲೆಕ್ಕದಲ್ಲಿದ್ದವೇ ಎಂದು ಊರ ಹಿರಿಯರನ್ನು ಕೇಳಿ. ಇತ್ತೀಚೆಗೆ ಇಂಥ ಹಲವು ನೆಲೆಗಳು ಬೇರೆ ಕಂದಾಯ ಗ್ರಾಮಗಳಾಗಿವೆ.

ಇನ್ನು ತಿಂಗಳು. ನಮ್ಮ ಭಾಗದಲ್ಲಿ ಇಡೀ ಲೆಕ್ಕ ನಿಲ್ಲುವುದು ಅಥವಾ ಬೀಳುವುದು ಇಲ್ಲಿಯೇ.

2011ರ ಜನಗಣತಿಯ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರ ತನಕ. ಮಾರ್ಚ್ ಮೊದಲ ಐದು ದಿನ ಮರುಪರಿಶೀಲನೆ. ಉಲ್ಲೇಖದ ಗಳಿಗೆ, ಅಂದರೆ ಯಾವ ಹೊತ್ತಿನ ಜನಸಂಖ್ಯೆ ಎಂದು ಲೆಕ್ಕ ಹಿಡಿಯುತ್ತಾರೋ ಅದು, ಮಾರ್ಚ್ 1. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗದವರಿಗೆ ಆ ತಿಂಗಳು ಎಂದರೆ ಏನೆಂದು ಹೇಳಬೇಕಾಗಿಲ್ಲ. ಮುಂಗಾರಿನ ಸಜ್ಜೆ, ತೊಗರಿ ಮನೆ ಸೇರಿದ ಮೇಲೆ ಮಳೆಯನ್ನೇ ನಂಬಿದ ಹೊಲದಲ್ಲಿ ಕೂಲಿ ಇರುವುದಿಲ್ಲ. ದೀಪಾವಳಿ ಕಳೆಯುತ್ತಿದ್ದಂತೆ ಮೇಸ್ತ್ರಿ ಮುಂಗಡ ಕೊಟ್ಟು ಹೋಗಿರುತ್ತಾನೆ. ಗುಳೆ ಹೊರಟವರು ಬೆಂಗಳೂರು, ಮಂಗಳೂರು, ಗೋವಾ, ಪುಣೆ ಸೇರಿ, ಯುಗಾದಿಗೋ ಊರ ಜಾತ್ರೆಗೋ ತಿರುಗಿ ಬರುತ್ತಾರೆ. ಗಣತಿದಾರ ಬಾಗಿಲಿಗೆ ಬಂದಾಗ ಅಲ್ಲಿ ಬೀಗ.

ನಿಯಮ ಹೀಗಿದೆ. ಎಣಿಕೆಯ ಅವಧಿಯಲ್ಲಿ ಒಂದು ದಿನವೂ ಊರಿಗೆ ಬಾರದವರನ್ನು ಊರ ಮನೆಯಲ್ಲಿ ಬರೆಯುವಂತಿಲ್ಲ, ಎಲ್ಲಿದ್ದಾರೋ ಅಲ್ಲಿ ಎಣಿಸಬೇಕು. ಮನೆಯೇ ಇಲ್ಲದೆ ಬಯಲಲ್ಲಿ ಮಲಗುವವರನ್ನು ಫೆಬ್ರವರಿ 28ರ ರಾತ್ರಿ ಎಣಿಸುತ್ತಾರೆ. ಕಾಗದದ ಮೇಲೆ ಯಾರೂ ಬಿಟ್ಟುಹೋಗುವುದಿಲ್ಲ. ಆದರೆ ಅರ್ಧ ಕಟ್ಟಿದ ಅಪಾರ್ಟ್‌ಮೆಂಟಿನ ಹಿಂದಿನ ತಗಡಿನ ಶೆಡ್ಡಿಗೆ ಗಣತಿದಾರ ಹೋದನೇ, ಹೋದಾಗ ಅವರು ಕೆಲಸದಿಂದ ಬಂದಿದ್ದರೇ ಎಂಬುದು ಆಯಾ ಊರಿನ ಗಣತಿದಾರನ ಕಾಲಿನ ಮಾತು. ಎಣಿಸಿದರೂ ಅವರು ಸೇರಿದ್ದು ಮಂಗಳೂರಿನ ಲೆಕ್ಕಕ್ಕೆ. ನಮ್ಮ ಊರಿನ ಪಾಲಿಗೆ ಅವರು ಆ ಹತ್ತು ವರ್ಷ ಇಲ್ಲ.

2001ರಲ್ಲೂ ಉಲ್ಲೇಖದ ದಿನ ಮಾರ್ಚ್ 1, ಎರಡೂ ಸಲ ಒಂದೇ ತಪ್ಪು ಆಗಿದ್ದರೆ ಹೋಲಿಕೆ ಸರಿಯೇ ಅಲ್ಲವೇ ಎಂದು ಜಾಣ ಹುಡುಗನೊಬ್ಬ ಕೇಳಿಯೇ ಕೇಳುತ್ತಾನೆ. ಗುಳೆ ಎರಡೂ ವರ್ಷ ಒಂದೇ ಅಳತೆಯಲ್ಲಿದ್ದರೆ ಸರಿ. ಮಳೆ ಚೆನ್ನಾಗಿ ಆದ ವರ್ಷ ಮನೆಯ ಇಬ್ಬರು ಗಂಡಾಳು ಹೋಗುತ್ತಾರೆ, ಬರದ ವರ್ಷ ಹಸುಗೂಸಿನ ಸಮೇತ ಇಡೀ ಮನೆ ಹೋಗುತ್ತದೆ. ಗಂಡಸರಷ್ಟೇ ಹೋದರೆ ಊರಿನ ಲಿಂಗಾನುಪಾತ, ಅಂದರೆ ಸಾವಿರ ಗಂಡಸರಿಗೆ ಹೆಂಗಸರ ಸಂಖ್ಯೆ, ಏರುತ್ತದೆ. ಅದನ್ನು ನೋಡಿ ಹೆಣ್ಣು ಮಕ್ಕಳಿಗೆ ಒಳ್ಳೆಯ ಕಾಲ ಬಂತು ಎಂದು ಬರೆದ ವರದಿಯನ್ನು ನಾನು ಓದಿದ್ದೇನೆ. ಸೊನ್ನೆಯಿಂದ ಆರು ವರ್ಷದ ಮಕ್ಕಳ ಕಾಲಂ ಕುಸಿದಿದ್ದರೆ ಹೆರಿಗೆ ಕಡಿಮೆಯಾಗಿರಬಹುದು, ಅಥವಾ ಕೂಸುಗಳು ಆ ತಿಂಗಳು ಮರಳಿನ ರಾಶಿಯ ಮೇಲೆ ಆಡುತ್ತಿರಬಹುದು.

ಇದನ್ನು ಬಿಡಿಸಲು ಎರಡು ದಾರಿಗಳಿವೆ. ಮೊದಲನೆಯದು ಕೈಪಿಡಿಯೊಳಗೇ ಇದೆ. ಆರು ತಿಂಗಳಿಗಿಂತ ಕಡಿಮೆ ದುಡಿದವರನ್ನು ಅಲ್ಪಾವಧಿ ಕೆಲಸಗಾರರು ಎಂದು ಬೇರೆ ಬರೆದಿರುತ್ತಾರೆ; 2011ರಲ್ಲಿ ಅವರನ್ನೂ ಮೂರು ತಿಂಗಳೊಳಗಿನವರು, ಮೂರರಿಂದ ಆರು ತಿಂಗಳಿನವರು ಎಂದು ಒಡೆದಿದ್ದಾರೆ. ಮಳೆಯಾಶ್ರಿತ ಹಳ್ಳಿಯ ಈ ಕಾಲಮ್ಮನ್ನು ಕಾಲುವೆಯ ಕೆಳಗಿನ ಹಳ್ಳಿಯದರ ಪಕ್ಕ ಇಟ್ಟು ನೋಡಿ. ಊರಲ್ಲಿ ಉಳಿದವರಿಗೂ ವರ್ಷವಿಡೀ ಕೆಲಸ ಸಿಗುತ್ತಿತ್ತೋ ಇಲ್ಲವೋ ಎಂಬುದು ಒಂದು ಸಾಲಿನಲ್ಲಿ ಕಾಣುತ್ತದೆ.

ಎರಡನೆಯದಕ್ಕೆ ಶಾಲೆಗೆ ಹೋಗಬೇಕು. ದಾಖಲಾತಿ ಪುಸ್ತಕ ಬೇಡ, ಹಾಜರಿ ಪುಸ್ತಕ ಕೇಳಿ. ಜುಲೈ ತಿಂಗಳ ಹಾಜರಿಯನ್ನೂ ಜನವರಿಯ ಹಾಜರಿಯನ್ನೂ ತರಗತಿವಾರು ಬರೆದುಕೊಳ್ಳಿ, ಹೆಸರು ಬೇಡ, ಮೊತ್ತ ಸಾಕು. ದೀಪಾವಳಿಯ ರಜೆ ಮುಗಿದ ವಾರದಿಂದ ಸಾಲಾಗಿ ಬಿದ್ದ ಗೈರುಹಾಜರಿಯ ಗುರುತು ಮಾರ್ಚ್ ತನಕ ಮುಂದುವರಿದಿರುವುದು ಕಾಣುತ್ತದೆ. ಕೆಲವು ಮಕ್ಕಳ ಸಾಲು ತುಂಬಿದ್ದು, ಅವರ ಅಣ್ಣನದೋ ಅಕ್ಕನದೋ ಖಾಲಿ ಇರುತ್ತದೆ. ಅಂಥ ಮನೆಯಲ್ಲಿ ಚಿಕ್ಕವರನ್ನು ಅಜ್ಜಿಯ ಬಳಿ ಬಿಟ್ಟು, ಕೈಗೆ ಬಂದವರನ್ನು ದುಡಿಯಲು ಕರೆದೊಯ್ದಿದ್ದಾರೆ. ಅಂಗನವಾಡಿಯ ದಾಖಲೆಯನ್ನೂ ಹೀಗೆಯೇ ತಿಂಗಳುವಾರು ನೋಡಬಹುದು. ಐದಾರು ವರ್ಷಗಳ ಹಾಜರಿ ಸಿಕ್ಕರೆ ಗುಳೆಯ ಏರಿಳಿತದ ಗೆರೆ ತಾನೇ ಮೂಡುತ್ತದೆ. ಇದರ ಮುಂದೆ ಮತದಾರರ ಪಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊರು ಬಿಟ್ಟು ಹದಿನೈದು ವರ್ಷವಾದವರೂ ಅದರಲ್ಲಿ ಭದ್ರವಾಗಿರುತ್ತಾರೆ.

ಇನ್ನು ಯಾರನ್ನು ಎಣಿಸಿದರು ಎಂಬುದು. ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಕುಟುಂಬ ಎಂಬುದು ಜನಗಣತಿಯ ಅಳತೆ. ಅಳತೆಗೋಲು ಒಳ್ಳೆಯದೇ. ಹನುಮಸಾಗರದ ಕಡೆಯ ಒಂದು ಊರಿನಲ್ಲಿ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯನ್ನು ಎಷ್ಟು ಮಂದಿ ಇದ್ದೀರವ್ವಾ ಎಂದು ಕೇಳಿದೆ. "ಮಲಗುವವರೋ, ರೊಟ್ಟಿ ತಿನ್ನುವವರೋ?" ಎಂದು ಆಕೆ ತಿರುಗಿ ಕೇಳಿದಳು. ಒಂದೇ ಸೂರಿನ ಕೆಳಗೆ ಮೂವರು ಮಕ್ಕಳ ಸಂಸಾರ, ಎರಡು ಒಲೆ. ಹಿರಿಯ ಸೊಸೆ ಬಡಿದ ರೊಟ್ಟಿ ಅತ್ತೆಗೆ ಮತ್ತು ಚಿಕ್ಕವನಿಗೆ, ನಡುವಿನವನ ಒಲೆ ಬೇರೆ. ಪಡಿತರ ಚೀಟಿ ಮಾತ್ರ ಮೂರು. ಇದಕ್ಕೇ ಊರಿನಲ್ಲಿ ಕುಟುಂಬಗಳ ಸಂಖ್ಯೆ ಜನರ ಸಂಖ್ಯೆಗಿಂತ ಬೇಗ ಏರುತ್ತದೆ. ಒಟ್ಟು ಜನರನ್ನು ಕುಟುಂಬಗಳಿಂದ ಭಾಗಿಸಿ, ಹತ್ತು ವರ್ಷದ ಹಿಂದಿನದಕ್ಕೆ ಹೋಲಿಸಿ. ಚೀಟಿಯ ಲೆಕ್ಕವನ್ನೂ ಒಲೆಯ ಲೆಕ್ಕವನ್ನೂ ಬೆರೆಸಬೇಡಿ.

ಗುಳೆಯಷ್ಟೇ ಅಲ್ಲ, ಗಣಿಯೂ ಹೀಗೆ ಆಟ ಆಡಿಸುತ್ತದೆ. ಸಂಡೂರು, ತೋರಣಗಲ್ಲು, ಹೊಸಪೇಟೆಯ ಹಳ್ಳಿಗಳನ್ನು ಲೆಕ್ಕ ಹಾಕುವವರು ಎರಡು ದಿನಾಂಕಗಳನ್ನು ಗೋಡೆಯ ಮೇಲೆ ಬರೆದಿಡಬೇಕು. ಜನಗಣತಿ 2011ರ ಮಾರ್ಚ್ 1. ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು ಅದೇ ವರ್ಷದ ಜುಲೈ 29. ಲಾರಿ ಚಾಲಕರು, ಕ್ಲೀನರ್‌ಗಳು, ಅದಿರು ಜರಡಿ ಹಿಡಿಯುವವರು, ಅವರಿಗೆ ಅನ್ನ ಮಾಡಿ ಹಾಕುವವರು ಇದ್ದಾಗಲೇ ಎಣಿಸಿದರು. ಐದು ತಿಂಗಳು ತುಂಬುವುದರೊಳಗೆ ಗಣಿಗಳು ನಿಂತವು. ಇಳಿತ ಯಾವ ಜನಗಣತಿಯಲ್ಲೂ ಬರಲೇ ಇಲ್ಲ, ಏಕೆಂದರೆ 2021ರಲ್ಲಿ ಆಗಬೇಕಿದ್ದದ್ದು ಆಗಲಿಲ್ಲ. 2001ರಿಂದ ನೇರ ಗೆರೆ ಎಳೆದು ಈ ಹಳ್ಳಿಗಳು ಇದೇ ವೇಗದಲ್ಲಿ ಬೆಳೆದಿವೆ ಎಂದು ಬರೆದರೆ ಅದು ಲೆಕ್ಕವಲ್ಲ, ಕಣಿ.

ಇಂಥದೇ ಊರು ಅಮೆರಿಕದಲ್ಲೂ ಇದೆ, ನಾರ್ತ್ ಡಕೋಟಾ ರಾಜ್ಯದ ವಿಲಿಸ್ಟನ್. 2010ರಲ್ಲಿ ಅಲ್ಲಿ 14,716 ಜನ, 2020ರಲ್ಲಿ 29,160. ಬಾಕನ್ ಎಂಬ ಶಿಲಾಪದರದಿಂದ ತೈಲ ತೆಗೆಯುವ ಹೊಸ ವಿಧಾನ ಬಂದು, ಕೆಲಸಕ್ಕಾಗಿ ಗಂಡಸರು ದೂರ ದೂರದಿಂದ ಬಂದು ಸಾಲು ಶಿಬಿರಗಳಲ್ಲಿ ಉಳಿದರು. 2014ರ ಕೊನೆಗೆ ತೈಲದ ಬೆಲೆ ಬಿದ್ದಾಗ ಬಹಳ ಮಂದಿ ಹೊರಟರು. ಆದರೆ ಅಲ್ಲಿನ ಹುಡುಗರಿಗೆ ನಮ್ಮವರಿಗಿಲ್ಲದ ಅನುಕೂಲವಿದೆ. ಹತ್ತು ವರ್ಷದ ಜನಗಣತಿಯ ನಡುವೆ ಅಮೆರಿಕನ್ ಕಮ್ಯುನಿಟಿ ಸರ್ವೆ ಎಂಬ ಮಾದರಿ ಸಮೀಕ್ಷೆ ಪ್ರತಿವರ್ಷ ನಡೆಯುತ್ತದೆ, ಮತ್ತು ಅದರಲ್ಲಿ ಮನೆಯ ಆದಾಯವನ್ನೇ ಕೇಳುತ್ತಾರೆ. ಅಲ್ಲೂ ಒಂದು ಬಲೆ ಇದೆ: 65,000ಕ್ಕಿಂತ ಕಡಿಮೆ ಜನರ ಊರಿಗೆ ಕೊಡುವ ಮುಖ್ಯ ಅಂಕಿ ಐದು ವರ್ಷಗಳ ಉತ್ತರಗಳನ್ನು ಒಟ್ಟು ಸೇರಿಸಿದ್ದು. ತೈಲ ಉಕ್ಕಿದ ವರ್ಷವೂ ಬತ್ತಿದ ವರ್ಷವೂ ಒಂದೇ ಪಾತ್ರೆಯಲ್ಲಿ ಕಲಸಿರುತ್ತವೆ. ಪಕ್ಕದಲ್ಲಿ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬ ಅಂಕಿಯನ್ನೂ ಮುದ್ರಿಸುತ್ತಾರೆ. ಸಣ್ಣ ಊರಿನಲ್ಲಿ ಅದು ಎಷ್ಟು ದೊಡ್ಡದಿರುತ್ತದೆ ಎಂದರೆ, ಆದಾಯ ಏರಿತೋ ಇಳಿಯಿತೋ ಎಂದೇ ಹೇಳಲಾಗದು. ನಮ್ಮ ಸರ್ಕಾರಿ ಪುಸ್ತಕಗಳ ಹಳ್ಳಿಯ ಅಂಕಿಗಳ ಪಕ್ಕದಲ್ಲೂ ಆ ಕಾಲಂ ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಆದಾಯಕ್ಕೆ ಬರೋಣ. ನಮ್ಮ ಜನಗಣತಿ ಆದಾಯ ಕೇಳುವುದಿಲ್ಲ. ಮನೆಪಟ್ಟಿ ಮಾಡುವಾಗ ಚಾವಣಿ ಯಾವುದು, ಅಡುಗೆಗೆ ಕಟ್ಟಿಗೆಯೋ ಗ್ಯಾಸೋ, ಸೈಕಲ್, ಬೈಕ್, ಟಿವಿ ಇವೆಯೇ ಎಂದು ಕೇಳುತ್ತದೆ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಮನೆಯಲ್ಲಿ ಅತಿ ಹೆಚ್ಚು ದುಡಿಯುವವರ ತಿಂಗಳ ಗಳಿಕೆ 5,000ದ ಒಳಗೋ, 10,000ದ ಒಳಗೋ, ಅದಕ್ಕೂ ಮೇಲೋ ಎಂದು ಕೇಳಿದ್ದರು. ಒಂದು ಹಳ್ಳಿಯಲ್ಲಿ ಮುಕ್ಕಾಲು ಪಾಲು ಜನ ಮೊದಲ ಗುಂಪಿನಲ್ಲೇ ಬಿದ್ದರೆ ಅದರೊಳಗಿನ ವ್ಯತ್ಯಾಸ ಕಾಣುವುದಿಲ್ಲ. ಪಡಿತರ ಚೀಟಿಯ ಬಣ್ಣದಿಂದ ಬಡತನ ಅಳೆಯಲು ಹೊರಟರೆ ನಗುವವರೇ ಹೆಚ್ಚು. ಜಿಲ್ಲೆಯ ತಲಾ ಆದಾಯವನ್ನಂತೂ ಹಳ್ಳಿಯ ವರದಿಯಲ್ಲಿ ತರಲೇಬೇಡಿ. ಬಳ್ಳಾರಿಯಲ್ಲಿ ಉಕ್ಕು ಮತ್ತು ಅದಿರಿನ ಮೌಲ್ಯವೆಲ್ಲ ಜಿಲ್ಲೆಯ ಲೆಕ್ಕಕ್ಕೆ ಬರುತ್ತದೆ, ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣುಮಗಳ ತಲೆಯ ಮೇಲೂ ಅದನ್ನು ಹಂಚಿಬಿಡುತ್ತಾರೆ.

ಸರಾಸರಿಯ ಮೋಸ ಹಳ್ಳಿಯಲ್ಲಿ ಇನ್ನೂ ಹೆಚ್ಚು. ಲೆಕ್ಕಕ್ಕೆಂದು ಓಣಿಯ ಒಂಬತ್ತು ಮನೆಗಳನ್ನು ತೆಗೆದುಕೊಳ್ಳಿ. ಎಂಟು ಮನೆಗಳು ವರ್ಷಕ್ಕೆ ಒಂದೊಂದು ಲಕ್ಷ ದುಡಿಯುತ್ತವೆ, ಒಂಬತ್ತನೆಯದು ಹನಿ ನೀರಾವರಿಯ ದಾಳಿಂಬೆ ತೋಟದಿಂದ ಹತ್ತು ಲಕ್ಷ. ಸರಾಸರಿ ಎರಡು ಲಕ್ಷ, ಆದರೆ ಎರಡು ಲಕ್ಷ ದುಡಿಯುವ ಮನೆ ಆ ಓಣಿಯಲ್ಲಿ ಒಂದೂ ಇಲ್ಲ. ಆದಾಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಟ್ಟನಡುವಿನ ಮನೆಯನ್ನು ನೋಡಿ, ಅದೇ ಮಧ್ಯಾಂಕ. ಅಮೆರಿಕದವರು ಊರಿನ ಆದಾಯ ಎಂದು ಹೇಳುವಾಗ ಸಾಮಾನ್ಯವಾಗಿ ಹೇಳುವುದು ಇದನ್ನೇ. ದಾಳಿಂಬೆಗೆ ಅಂಗಮಾರಿ ರೋಗ ಬಿದ್ದ ವರ್ಷ ಸರಾಸರಿ ಪಾತಾಳಕ್ಕೆ ಇಳಿಯುತ್ತದೆ, ಮಧ್ಯಾಂಕ ಕದಲುವುದಿಲ್ಲ.

ಮನೆಯ ಆದಾಯವನ್ನು ಕೇಳುವ ರೀತಿಯೂ ಒಂದಿದೆ. ವರ್ಷಕ್ಕೆ ಎಷ್ಟು ದುಡಿಯುತ್ತೀರಿ ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಸುಳ್ಳು ಹೇಳಬೇಕೆಂದಲ್ಲ, ವರ್ಷದ ಲೆಕ್ಕ ಅವರ ತಲೆಯಲ್ಲಿರುವುದೇ ಇಲ್ಲ. ಹಬ್ಬ ಹಿಡಿದು ಕೇಳಿ. ಯುಗಾದಿಯಿಂದ ಕಾರ ಹುಣ್ಣಿಮೆಯವರೆಗೆ ಎಷ್ಟು ದಿನ ಕೂಲಿ ಸಿಕ್ಕಿತು? ಕಾರ ಹುಣ್ಣಿಮೆಯಿಂದ ದಸರೆಗೆ? ಕಳೆ ತೆಗೆಯಲು ಹೆಣ್ಣಾಳಿಗೆ ಎಷ್ಟು, ಗಂಡಾಳಿಗೆ ಎಷ್ಟು? ಗಂಗಾವತಿ, ಸಿಂಧನೂರು ಸೀಮೆಗೆ ನಾಟಿಗೆ ಹೋಗುವವರಿಗೆ ದಿನಗೂಲಿ ಇರುವುದಿಲ್ಲ, ಎಕರೆಗೆ ಇಷ್ಟೆಂದು ಗುತ್ತಿಗೆ ಮಾತಾಗಿರುತ್ತದೆ, ಗುಂಪಿನಲ್ಲಿ ಎಷ್ಟು ಜನ ಎಂದೂ ಕೇಳಿ ಭಾಗಿಸಿ. ಗುಳೆಯ ದುಡ್ಡು ಕೇಳುವಾಗ ಮೊದಲು ಮುಂಗಡ ಎಷ್ಟು ತಂದಿದ್ದರು ಎಂದು ಕೇಳಿ. ಮೇಸ್ತ್ರಿ ಕೊಟ್ಟ ಮುಂಗಡ ಮದುವೆಗೋ ಕೊಳವೆಬಾವಿಗೋ ಅದಾಗಲೇ ಖರ್ಚಾಗಿರುತ್ತದೆ. ಆರು ತಿಂಗಳ ದುಡಿಮೆ ಆ ಸಾಲದ ತೀರುವಳಿ. ಅದನ್ನು ಆದಾಯವೆಂದು ಬರೆಯಿರಿ, ಆದರೆ ಸಾಲದ ಕಾಲಂ ಪಕ್ಕದಲ್ಲೇ ಇರಲಿ.

2023ರ ಆಗಸ್ಟ್ ನಂತರದ ಲೆಕ್ಕದಲ್ಲಿ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಕೂಲಿಯ ಜೊತೆ ಸೇರಿಸಬೇಡಿ. ವರ್ಷಕ್ಕೆ 24,000 ಎಂದರೆ ಕೂಲಿ ಮನೆಯಲ್ಲಿ ಸಣ್ಣ ಮೊತ್ತವಲ್ಲ. ಎಲ್ಲವನ್ನೂ ಕೂಡಿಸಿಬಿಟ್ಟರೆ ಹೊಲದ ಕೂಲಿ ಏರಿತೋ ಸರ್ಕಾರದ ಹಣ ಬಂತೋ ಎಂಬುದು ಮುಚ್ಚಿಹೋಗುತ್ತದೆ. ಪ್ರಶ್ನೆಯನ್ನು ಮನೆಯ ಯಜಮಾನಿಯನ್ನೇ ಕೇಳಿ, ಗಂಡ ಹೊರಗೆ ಹೋದ ಮೇಲೆ. ಸಂಘದ ಸಾಲದ ಕಂತು, ಡೈರಿಗೆ ಹಾಕಿದ ಹಾಲಿನ ಬಟವಾಡೆ, ಕುರಿ ಮಾರಿದ್ದು ಎಲ್ಲ ಆಕೆಗೆ ತಿಳಿದಿರುತ್ತದೆ.

ಹಳೆಯ ರೂಪಾಯಿಯನ್ನೂ ಹೊಸ ರೂಪಾಯಿಯನ್ನೂ ಹೋಲಿಸಲು ಬೆಲೆ ಸೂಚ್ಯಂಕ ಬಳಸಿ ಎಂದು ಪುಸ್ತಕ ಹೇಳುತ್ತದೆ, ಬಳಸಿ. ಆದರೆ ಊರವರ ಮುಂದೆ ವರದಿ ಓದುವಾಗ ನಾನು ಕೂಲಿಯನ್ನು ಕಾಳಿಗೆ ಇಳಿಸುತ್ತೇನೆ. ನರೇಗಾದ ದಿನಗೂಲಿ ಕರ್ನಾಟಕದಲ್ಲಿ 2011-12ರಲ್ಲಿ 125 ರೂಪಾಯಿ; 2024-25ರಲ್ಲಿ 349. ರೂಪಾಯಿಯಲ್ಲಿ ಎರಡೂಮುಕ್ಕಾಲು ಪಟ್ಟು. ಹೈಬ್ರಿಡ್ ಜೋಳದ ಬೆಂಬಲ ಬೆಲೆ ಅದೇ ಎರಡು ವರ್ಷಗಳಲ್ಲಿ ಕ್ವಿಂಟಲ್‌ಗೆ 980 ಮತ್ತು 3,371. ಅಂದರೆ ಆಗ ಒಂದು ದಿನದ ಕೂಲಿ ಹನ್ನೆರಡೂಮುಕ್ಕಾಲು ಕಿಲೋ ಜೋಳ, 2024-25ರಲ್ಲಿ ಹತ್ತೂಕಾಲು ಕಿಲೋ ಮೇಲೆ ಚೂರು. ಕಡಿಮೆಯಾಯಿತು! ಅದೇ ಲೆಕ್ಕವನ್ನು ಭತ್ತದಲ್ಲಿ ಹಾಕಿ: ಅದೇ ಅವಧಿಯಲ್ಲಿ ಬೆಂಬಲ ಬೆಲೆ 1,080ರಿಂದ 2,300ಕ್ಕೆ ಏರಿತು, ಕೂಲಿ ಹನ್ನೊಂದೂವರೆ ಕಿಲೋದಿಂದ ಹದಿನೈದು ಕಿಲೋಗೆ ಏರಿತು. ಒಂದೇ ಕೂಲಿ, ರೊಟ್ಟಿ ತಿನ್ನುವವನಿಗೆ ಇಳಿದಿದೆ, ಅನ್ನ ಉಣ್ಣುವವನಿಗೆ ಏರಿದೆ. ಬೆಂಬಲ ಬೆಲೆ ಅಂಗಡಿಯ ಬೆಲೆಯಲ್ಲ, ನಿಜ. ನಿಮ್ಮ ಸಂತೆಯ ಬೆಲೆ ಸಿಕ್ಕರೆ ಅದನ್ನೇ ಹಾಕಿ. ಎಪಿಎಂಸಿಯ ಹಳೆಯ ದರಪಟ್ಟಿಗಳಲ್ಲಿ ಹುಡುಕಬಹುದು. ಜೋಳದ ನಾಡಿನಲ್ಲಿ ಮಕ್ಕಳ ತಟ್ಟೆಗೆ ಅನ್ನ ಬಂದದ್ದೇಕೆ ಎಂದು ಕೇಳುವವರಿಗೆ ಪಡಿತರದ ಅಕ್ಕಿಯ ಜೊತೆ ಈ ಲೆಕ್ಕವನ್ನೂ ತೋರಿಸುತ್ತೇನೆ.

ಹೋಲಿಕೆಗೆ ವರ್ಷ ಆರಿಸುವಾಗ 2023ನ್ನು ಒಂದು ತುದಿಯಾಗಿ ಇಟ್ಟುಕೊಳ್ಳಬೇಡಿ, ಅದು ರಾಜ್ಯದ ಬಹುಪಾಲು ಬರವೆಂದು ಘೋಷಣೆಯಾದ ವರ್ಷ. ಬರದ ವರ್ಷದಿಂದ ಒಳ್ಳೆಯ ವರ್ಷಕ್ಕೆ ಎಳೆದ ಗೆರೆ ಯಾವಾಗಲೂ ಮೇಲೇ ಹೋಗುತ್ತದೆ. ಮೂರು ಮೂರು ವರ್ಷಗಳನ್ನು ಸೇರಿಸಿ ನೋಡುವುದು ಕ್ಷೇಮ.

ಮನೆಯವರ ಹೆಸರು, ಫೋನ್ ಸಂಖ್ಯೆ, ಆಧಾರ್ ಯಾವುದನ್ನೂ ಬರೆದುಕೊಳ್ಳಬೇಡಿ. ಮನೆಗೆ ಒಂದು ಕ್ರಮಸಂಖ್ಯೆ ಸಾಕು. ಹತ್ತು ಮನೆಗಿಂತ ಚಿಕ್ಕ ಓಣಿಯ ಆದಾಯವನ್ನು ಬೇರೆಯಾಗಿ ಮುದ್ರಿಸಬೇಡಿ, ಯಾರದು ಎಂದು ಊರಿಗೆಲ್ಲ ತಿಳಿಯುತ್ತದೆ. ಸಾಲ ಕೊಟ್ಟವನಿಗೆ ಮೊದಲು ತಿಳಿಯುತ್ತದೆ.

ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಮತ್ತೆ ಗುಳೆಯ ತಿಂಗಳೇ. ಈ ಕೆಲಸಕ್ಕೆ ಕೈ ಹಾಕುವವರು ಅದಕ್ಕೂ ಮೊದಲಿನ ಶ್ರಾವಣದಲ್ಲಿ, ಎಲ್ಲರೂ ಊರಿನಲ್ಲಿರುವಾಗ ಒಂದು ಸುತ್ತು ಒಲೆಗಳನ್ನೂ ತಲೆಗಳನ್ನೂ ಎಣಿಸಿಡಲಿ. ಫೆಬ್ರವರಿಯಲ್ಲಿ ಬೀಗ ಬಿದ್ದ ಮನೆಗಳನ್ನು ಓಣಿವಾರು ಇನ್ನೊಂದು ಸುತ್ತು ಎಣಿಸಲಿ. ಎರಡೂ ಹಾಳೆಗಳ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು, ಶಾಲೆಯ ಕಪಾಟಿನಲ್ಲಿ ಒಂದು ಇರಲಿ. ಅಧಿಕೃತ ಸಂಖ್ಯೆ ಬಂದ ದಿನ ಪಕ್ಕದಲ್ಲಿ ಇಟ್ಟು ನೋಡಲು ಬೇಕಾಗುತ್ತವೆ.